ಬಿಟ್ಟವರೆಷ್ಟು ಮಂದಿ? – ತಂಬಾಕು ತೊರೆದವರ ಲೆಕ್ಕದ ಚರಿತ್ರೆ

ಒಬ್ಬ ಮನುಷ್ಯ ಬೀಡಿ ಸೇದುವುದನ್ನು ಬಿಟ್ಟನೆಂದು ಯಾವಾಗ ಹೇಳಬೇಕು? ಕೈಯಲ್ಲಿದ್ದ ಕಟ್ಟನ್ನು ಎಸೆದ ದಿನವೇ? ಒಂದು ವಾರ ಕಳೆದ ಮೇಲೆಯೇ? ಒಂದು ವರ್ಷದ ನಂತರವೇ? ಅಥವಾ ಅವನು ತೀರಿಕೊಂಡ ಮೇಲೆ, ಕೊನೆಯವರೆಗೂ ಮತ್ತೆ ಮುಟ್ಟಲಿಲ್ಲವೆಂದು ಮನೆಯವರು ಹೇಳಿದಾಗಲೇ? ಪ್ರಶ್ನೆ ಮೇಲುನೋಟಕ್ಕೆ ಸರಳವಾಗಿ ಕಾಣುತ್ತದೆ. ಆದರೆ ಇದಕ್ಕೊಂದು ಒಪ್ಪಿತವಾದ ಉತ್ತರ ಕಂಡುಕೊಳ್ಳಲು ವೈದ್ಯರೂ ಸಂಶೋಧಕರೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೆಣಗಿದ್ದಾರೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿ 'ಪಾಸು', 'ಫೇಲು' ಎಂದು ಬರೆದ ನನಗೆ ಆ ಹೆಣಗಾಟ ಅಪರಿಚಿತವೇನಲ್ಲ. ಯಾವ ದಿನ ಪರೀಕ್ಷೆ ನಡೆಸುತ್ತೇವೆ, ಗೈರುಹಾಜರಾದವನನ್ನು ಯಾವ ಪಟ್ಟಿಗೆ ಸೇರಿಸುತ್ತೇವೆ ಎಂಬುದರ ಮೇಲೆ ಶಾಲೆಯ ಫಲಿತಾಂಶ ಎಷ್ಟು ಏರುಪೇರಾಗುತ್ತದೆಂಬುದು ಪ್ರತಿಯೊಬ್ಬ ಶಿಕ್ಷಕನಿಗೂ ಗೊತ್ತು.

ಮೊದಲು ನಮ್ಮ ನೆಲದ ಮಾತು. ತಂಬಾಕು ಭಾರತಕ್ಕೆ ಬಂದದ್ದು ಪೋರ್ಚುಗೀಸರ ಮೂಲಕ, ಅದು ಒಳನಾಡಿಗೆ ಹಬ್ಬಿದ ದಾರಿಯಲ್ಲಿ ದಖ್ಖನ್ನಿನ ಪಾತ್ರ ದೊಡ್ಡದು. 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದ ಅಸದ್ ಬೇಗನು ಇಲ್ಲಿ ತಂಬಾಕನ್ನು ಕಂಡು ಬೆರಗಾಗಿ, ಚೆಂದದ ಕೊಳವೆಯೊಂದಿಗೆ ಅದನ್ನು ಆಗ್ರಾಕ್ಕೆ ಒಯ್ದನು. ಬಾದಶಹನು ಒಂದೆರಡು ದಮ್ಮು ಎಳೆದನೆಂದೂ, ಆಸ್ಥಾನದ ಹಕೀಮನು ಇದು ಗುಣ ತಿಳಿಯದ ವಸ್ತುವೆಂದು ಆಕ್ಷೇಪಿಸಿದನೆಂದೂ ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಆ ಕಾಲದಲ್ಲಿ ನಮ್ಮ ರಾಯಚೂರಿನ ಕೋಟೆಯೂ ಅದೇ ಆದಿಲ್‌ಶಾಹಿಗಳ ವಶದಲ್ಲಿತ್ತು. ಹೀಗೆ ಮೊಗಲರ ದರಬಾರಿಗೆ ತಂಬಾಕಿನ ರುಚಿ ಹತ್ತಿಸಿದ ಕೀರ್ತಿಯಲ್ಲಿ (ಕೀರ್ತಿ ಎನ್ನಬಹುದಾದರೆ) ನಮ್ಮ ಸೀಮೆಗೂ ಪಾಲಿದೆ. ಜಹಾಂಗೀರನು 1617ರಲ್ಲಿ ತಂಬಾಕು ಸೇದಬಾರದೆಂದು ಆಜ್ಞೆ ಹೊರಡಿಸಿದ. ಪರ್ಷಿಯಾದ ಷಾ ಅಬ್ಬಾಸನೂ ತನ್ನ ನಾಡಿನಲ್ಲಿ ಅಂಥದೇ ನಿಷೇಧ ಹೇರಿದ್ದ. ಆದರೆ ಜಹಾಂಗೀರನು ಅಲ್ಲಿಗೆ ಕಳಿಸಿದ ರಾಯಭಾರಿ ಖಾನ್ ಆಲಂನಿಗೆ ಹೊಗೆಯಿಲ್ಲದೆ ಒಂದು ಗಳಿಗೆಯೂ ಕಳೆಯುತ್ತಿರಲಿಲ್ಲ. ಕೊನೆಗೆ ಷಾ ಅವನಿಗೊಬ್ಬನಿಗೆ ವಿನಾಯಿತಿ ಕೊಡಬೇಕಾಯಿತು. ಇದನ್ನು ಜಹಾಂಗೀರನೇ ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ಆಜ್ಞೆ ಹೊರಟಿತು, ಆದರೆ ಎಷ್ಟು ಜನ ಬಿಟ್ಟರೆಂದು ಎಣಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಮುಂದೆ ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದಿನಲ್ಲಿ ವಜೀರ್ ಸುಲ್ತಾನ್ ತಂಬಾಕು ಕಂಪನಿ ಹುಟ್ಟಿತು. ಅದರ 'ಚಾರ್‌ಮಿನಾರ್' ಸಿಗರೇಟು ನಮ್ಮ ಭಾಗದ ನೌಕರಸ್ಥರ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ಇರುತ್ತಿತ್ತು. ಹಳ್ಳಿಗಳದ್ದು ಬೇರೆ ಲೋಕ. ಗಂಡಸರಿಗೆ ಬೀಡಿ, ಚುಟ್ಟಾ, ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿ ತುಟಿಯ ಹಿಂದೆ ಇಡುವ ತಂಬಾಕು, ಮುದುಕಿಯರ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆಗೆ ಒಂದು ಎಸಳು ತಂಬಾಕು, ಕೆಲವರಿಗೆ ನಶ್ಯ. ದೇವದುರ್ಗದ ಕಡೆಯ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಹೊಗೆ ಬಿಡುವುದಿಲ್ಲ, ಆದರೆ ತಂಬಾಕು ಜಗಿಯದವರು ಎಷ್ಟಿದ್ದಾರೆ ಹೇಳಿ! ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು. ವಿದೇಶದ ಅಳತೆಗೋಲುಗಳು ನಮ್ಮಲ್ಲಿ ಎಡವುವುದು ಇಲ್ಲಿಯೇ.

ನಮ್ಮ ಕಡೆ ತಂಬಾಕು ಬಿಟ್ಟವರನ್ನು ಮೊದಲು ಎಣಿಸಿದ್ದು ಆಸ್ಪತ್ರೆಯಲ್ಲ, ಒಂದು ಜೋಳಿಗೆ. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿದರು. ಜಂಗಮರ ಜೋಳಿಗೆಗೆ ಜೋಳ, ಹಿಟ್ಟು, ಕಾಸು ಬೀಳುವುದು ವಾಡಿಕೆ. ಇವರು ಅದನ್ನು ತಿರುವು ಮುರುವು ಮಾಡಿ, 'ನಿಮ್ಮ ದುಶ್ಚಟಗಳನ್ನು ಭಿಕ್ಷೆ ಹಾಕಿ' ಎಂದು ಊರೂರು ತಿರುಗಿದರು. ಜನ ಬೀಡಿಯ ಕಟ್ಟು, ತಂಬಾಕಿನ ಚೀಟಿ, ಸಾರಾಯಿಯ ಚಟ ಎಲ್ಲವನ್ನೂ ಆ ಜೋಳಿಗೆಗೆ ಹಾಕಿ, ಇನ್ನು ಮುಟ್ಟೆವೆಂದು ಮಾತು ಕೊಟ್ಟರು. ಕಾವಿಯ ಮುಂದೆ, ಊರ ಜನರ ಎದುರಿನಲ್ಲಿ ಕೊಟ್ಟ ಮಾತು ಅದು. 2018ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಈ ಜೋಳಿಗೆಯ ಲೆಕ್ಕದಲ್ಲಿ ಯಶಸ್ಸೆಂದರೆ ಮಾತು ಕೊಟ್ಟ ಕ್ಷಣ. ಆಮೇಲಿನದು ಆ ಮನುಷ್ಯನ ಆತ್ಮಸಾಕ್ಷಿಗೆ ಬಿಟ್ಟದ್ದು. ಇದನ್ನು ಹಗುರವಾಗಿ ಕಾಣುವವನು ನಾನಲ್ಲ; ನಾಲ್ಕು ಜನರ ಮುಂದೆ ಆಡಿದ ಮಾತಿಗೆ ನಮ್ಮ ಹಳ್ಳಿಗಳಲ್ಲಿ ಇರುವ ತೂಕ ಪ್ರಯೋಗಾಲಯದ ಮಂದಿಗೆ ತಿಳಿಯುವಂಥದಲ್ಲ.

ಸೋಜಿಗವೆಂದರೆ, ಅದೇ ಕಾಲದ ಪಾಶ್ಚಾತ್ಯ ದೇಶಗಳ ಲೆಕ್ಕವೂ ಬಹಳ ಭಿನ್ನವಾಗಿರಲಿಲ್ಲ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬವರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿಕೊಟ್ಟ ಮೇಲೆ ಬಿಡಿಸುವ ಶಿಬಿರಗಳು ಹುಟ್ಟಿಕೊಂಡವು. ಅಡ್ವೆಂಟಿಸ್ಟ್ ಪಂಥದವರ 'ಐದು ದಿನಗಳ ಯೋಜನೆ' 1960ರ ದಶಕದಲ್ಲಿ ಬಹಳ ಪ್ರಸಿದ್ಧವಾಯಿತು. ಐದು ದಿನ ಸಂಜೆ ಉಪನ್ಯಾಸ, ಐದನೆಯ ದಿನ ಕೈ ಎತ್ತಿದವರ ಎಣಿಕೆ. ಕೊನೆಯ ದಿನ ಎಣಿಸಿದರೆ ಯಾವ ಶಿಬಿರವೂ ಗೆದ್ದಂತೆಯೇ. ಬೇಸಿಗೆ ಶಿಬಿರದ ಕೊನೆಯ ದಿನ 'ಎಲ್ಲರಿಗೂ ಈಜು ಬಂತೇ?' ಎಂದು ಕೇಳಿದ ಹಾಗೆ.

ಈ ಸಂತೋಷಕ್ಕೆ ತಣ್ಣೀರೆರಚಿದ್ದು 1971ರ ಒಂದು ಲೇಖನ. ಹಂಟ್, ಬಾರ್ನೆಟ್, ಬ್ರಾಂಚ್ ಎಂಬ ಮೂವರು ಅಮೆರಿಕನ್ ಸಂಶೋಧಕರು ಹಲವು ಚಿಕಿತ್ಸೆಗಳ ಫಲಿತಾಂಶಗಳನ್ನು ಒಂದೆಡೆ ಸೇರಿಸಿ, ಬಿಟ್ಟವರಲ್ಲಿ ಎಷ್ಟು ಜನ ಎಷ್ಟು ದಿನಕ್ಕೆ ಮರಳಿದರೆಂಬ ರೇಖೆ ಎಳೆದರು. ಸಿಗರೇಟು, ಮದ್ಯ, ಹೆರಾಯಿನ್ – ಮೂರರ ರೇಖೆಗಳೂ ಒಂದರ ಮೇಲೊಂದು ಇಟ್ಟಂತೆ ಹೋಲುತ್ತಿದ್ದವು. ಮೊದಲ ಮೂರು ತಿಂಗಳಲ್ಲಿ ಕಡಿದಾದ ಇಳಿಜಾರು. ಬಹುಪಾಲು ಜನ ಅಲ್ಲಿಯೇ ಜಾರುತ್ತಾರೆ. ಆಮೇಲೆ ಇಳಿಜಾರು ಕಡಮೆಯಾಗುತ್ತ ಹೋಗಿ, ವರ್ಷದ ಹೊತ್ತಿಗೆ ರೇಖೆ ಹೆಚ್ಚುಕಡಮೆ ಸಮತಟ್ಟಾಗುತ್ತದೆ. ಐದನೆಯ ದಿನದ ಎಣಿಕೆಗೆ ಅರ್ಥವೇ ಇಲ್ಲವೆಂದೂ, ಆರು ತಿಂಗಳೋ ವರ್ಷವೋ ಕಾಯಬೇಕೆಂದೂ ಈ ಒಂದು ಚಿತ್ರ ಸಾರಿತು.

ಕಾದು ನೋಡಿದಾಗ ಏನು ಸಿಗುತ್ತದೆ? ಲಂಡನ್ನಿನ ಮನೋವೈದ್ಯ ಮೈಕೆಲ್ ರಸೆಲ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಬಹಳ ಇಷ್ಟಪಟ್ಟು ಓದಿದ್ದೇನೆ. 28 ಮಂದಿ ಸಾಮಾನ್ಯ ವೈದ್ಯರ ಬಳಿಗೆ ಬೇರೆ ಬೇರೆ ಕಾಯಿಲೆಗಳಿಗಾಗಿ ಬಂದ 2138 ಧೂಮಪಾನಿಗಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಏನೂ ಹೇಳಲಿಲ್ಲ. ಎರಡನೆಯದಕ್ಕೆ ಪ್ರಶ್ನಾವಳಿ ಮಾತ್ರ. ಮೂರನೆಯದಕ್ಕೆ ವೈದ್ಯರು ಒಂದೆರಡು ನಿಮಿಷ 'ಬಿಡಿ' ಎಂದು ಹೇಳಿದರು. ನಾಲ್ಕನೆಯದಕ್ಕೆ ಆ ಮಾತಿನ ಜೊತೆಗೆ ಒಂದು ಕರಪತ್ರ, 'ಮುಂದೆ ವಿಚಾರಿಸುತ್ತೇವೆ' ಎಂಬ ಎಚ್ಚರಿಕೆ. ಒಂದು ವರ್ಷದ ನಂತರ ನೋಡಿದರೆ, ಬಿಟ್ಟು ನಿಂತವರು ಕ್ರಮವಾಗಿ ಶೇಕಡ 0.3, 1.6, 3.3 ಮತ್ತು 5.1. ನೂರಕ್ಕೆ ಐದು! ನಮ್ಮ ಶಾಲೆಯ ಎಸ್‌.ಎಸ್‌.ಎಲ್‌.ಸಿ. ಫಲಿತಾಂಶ ಹೀಗೆ ಬಂದಿದ್ದರೆ ಮುಖ್ಯೋಪಾಧ್ಯಾಯರಿಗೆ ಅಂದೇ ನೋಟಿಸು ಬರುತ್ತಿತ್ತು. ಆದರೆ ರಸೆಲ್ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿದರು. ಬ್ರಿಟನ್ನಿನ ಎಲ್ಲ ಸಾಮಾನ್ಯ ವೈದ್ಯರೂ ಇಷ್ಟೇ ಮಾಡಿದರೆ ವರ್ಷಕ್ಕೆ ಐದು ಲಕ್ಷಕ್ಕೂ ಹೆಚ್ಚು ಜನ ಬಿಡುತ್ತಾರೆ. ಆಗ ಅಲ್ಲಿದ್ದ ಐವತ್ತು ವಿಶೇಷ ಚಿಕಿತ್ಸಾಲಯಗಳನ್ನು ಹತ್ತು ಸಾವಿರಕ್ಕೆ ಏರಿಸಿದರೂ ಅಷ್ಟು ಫಲ ಬಾರದು ಎಂದರು. ಸಣ್ಣ ಶೇಕಡ, ದೊಡ್ಡ ಸಂಖ್ಯೆ. ಹತ್ತನೆಯ ತರಗತಿಯ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ಜನ ಸುಳ್ಳು ಹೇಳಿದರೆ? ಹೇಳುತ್ತಾರೆ. ದುರುದ್ದೇಶದಿಂದಲ್ಲ, ಸಹಾಯ ಮಾಡಿದ ಡಾಕ್ಟರ ಮುಂದೆ ಮುಖ ಉಳಿಸಿಕೊಳ್ಳಲು. ಅದಕ್ಕಾಗಿ ಮೈಯನ್ನೇ ಸಾಕ್ಷಿಗೆ ಕರೆಯುವ ಕ್ರಮ ಬಂತು. ಹೊಗೆ ಕುಡಿದವನ ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಕೊಳವೆಯೊಂದಕ್ಕೆ ಊದಿಸಿ ಅಳೆಯಬಹುದು. ಆದರೆ ಅದು ನಾಲ್ಕೈದು ತಾಸಿಗೆ ಅರ್ಧಕ್ಕಿಳಿಯುತ್ತದೆ, ಹಿಂದಿನ ದಿನದಿಂದ ಸೇದದವನು ಪಾರಾಗುತ್ತಾನೆ. ನಿಕೋಟಿನ್ ದೇಹದಲ್ಲಿ ಮಾರ್ಪಟ್ಟು ಕೊಟಿನಿನ್ ಆಗುತ್ತದೆ. ಜೊಲ್ಲಿನಲ್ಲಿ, ಮೂತ್ರದಲ್ಲಿ ಕೆಲವು ದಿನ ಉಳಿಯುತ್ತದೆ. ಚಟ ಬಿಡಿಸಲು ಕೊಡುವ ನಿಕೋಟಿನ್ ಗಮ್ ಜಗಿಯುವವನನ್ನೂ ಇದು ಹಿಡಿದುಕೊಡುತ್ತದೆ, ಅದು ಇದರ ದೋಷ.

ಈ ಎಲ್ಲ ಅನುಭವ ಹರಳುಗಟ್ಟಿದ್ದು 2005ರಲ್ಲಿ, 'ರಸೆಲ್ ಮಾನದಂಡ' ಎಂಬ ಹೆಸರಿನಲ್ಲಿ. ರಾಬರ್ಟ್ ವೆಸ್ಟ್ ಮತ್ತು ಸಂಗಡಿಗರು ಅದನ್ನು ರೂಪಿಸಿ, ಮೈಕೆಲ್ ರಸೆಲ್ಲರ ಹೆಸರಿಟ್ಟರು. ಬಿಟ್ಟ ಮೇಲೆ ಆರು ಅಥವಾ ಹನ್ನೆರಡು ತಿಂಗಳು ಕಳೆದಿರಬೇಕು. ಆ ಅವಧಿಯಲ್ಲಿ ಒಟ್ಟು ಐದಕ್ಕಿಂತ ಹೆಚ್ಚು ಸಿಗರೇಟು ಸೇದಿರಬಾರದು. ಮೈಯ ಸಾಕ್ಷಿಯೂ ಒಪ್ಪಬೇಕು. ವಿಚಾರಿಸುವವರಿಗೆ ಯಾರು ಯಾವ ಗುಂಪೆಂದು ತಿಳಿದಿರಬಾರದು. ಎಲ್ಲಕ್ಕಿಂತ ಕಠಿಣವಾದದ್ದು ಮುಂದಿನದು: ವಿಚಾರಣೆಗೆ ಸಿಗದವನನ್ನು ಸೇದುವವನೆಂದೇ ಎಣಿಸಬೇಕು. ತೀರಿಕೊಂಡವರು, ಪತ್ತೆಯಿಲ್ಲದ ವಿಳಾಸಕ್ಕೆ ಹೋದವರು ಮಾತ್ರ ಲೆಕ್ಕದಿಂದಲೇ ಹೊರಗೆ. ಗೈರುಹಾಜರಿ ಎಂದರೆ ಸೊನ್ನೆ ಅಂಕ – ನಮ್ಮ ಇಲಾಖೆಯ ನಿಯಮದಂತೆಯೇ.

ಇಷ್ಟೂ ಅಳತೆಗೋಲುಗಳನ್ನು ನಾನು ಮನಸ್ಸಿನಲ್ಲಿಯೇ ಒಬ್ಬ ಮನುಷ್ಯನ ಮೇಲೆ ಇಟ್ಟು ನೋಡಿದ್ದೇನೆ. ಅವರು ನನ್ನ ಸೋದರಮಾವ, ದೇವದುರ್ಗ ತಾಲ್ಲೂಕಿನ ಒಣಬೇಸಾಯದ ರೈತ. ದಿನಕ್ಕೆ ಎರಡು ಕಟ್ಟು ಬೀಡಿ. 1984ರಲ್ಲಿ ಊರಿನವರ ಜೊತೆ ಇಳಕಲ್ಲಿಗೆ ಹೋಗಿ ಬೀಡಿಯ ಕಟ್ಟನ್ನೂ ಕಡ್ಡಿಪೆಟ್ಟಿಗೆಯನ್ನೂ ಜೋಳಿಗೆಗೆ ಹಾಕಿ ಬಂದರು. ಹತ್ತು ತಿಂಗಳು ಮುಟ್ಟಲಿಲ್ಲ. ಅತ್ತೆ ಆ ದಿನಗಳನ್ನು ಹಬ್ಬದಂತೆ ನೆನೆಯುತ್ತಿದ್ದರು. ಮರುವರ್ಷ ಮಳೆ ಕೈಕೊಟ್ಟಿತು. ಜೋಳ ತೆನೆ ಹಿಡಿಯಲಿಲ್ಲ, ಎತ್ತು ಮಾರಿದರು, ಮನೆಗೆ ಬೀಗ ಹಾಕಿ ಗುಳೆ ಹೋದರು. ಕಲ್ಲು ಒಡೆಯುವ ಜಾಗದಲ್ಲಿ, ಊಟಕ್ಕಿಂತ ಬೀಡಿ ಅಗ್ಗವಾಗಿದ್ದ ಜಾಗದಲ್ಲಿ, ಮತ್ತೆ ಹತ್ತಿಸಿದರು. ಎರಡು ವರ್ಷದ ಮೇಲೆ ಊರಿಗೆ ಮರಳಿ, 'ಜೋಳಿಗ್ಯಾಗ ಹಾಕಿದ್ದು ಮತ್ತ ತಗಂಡೀನಿ' ಎಂಬ ಸಂಕಟ ತಾಳದೆ, ಯಾರಿಗೂ ಹೇಳದೆ ಎರಡನೆಯ ಸಲ ಬೀಡಿ ಬಿಟ್ಟರು. ಈ ಸಲ ನಿಜವಾಗಿಯೂ ಬಿಟ್ಟರು. ಆದರೆ ಅಂಗೈಗೆ ತಂಬಾಕು, ಸುಣ್ಣ ಬಂದವು.

ನಾನು ಆಗ ಹೊಸದಾಗಿ ನೌಕರಿಗೆ ಸೇರಿದವನು, ಬಿ.ಎಡ್‌. ಓದಿದ ಹುರುಪು ಬೇರೆ. 'ಮಾವಾ, ನೀವು ಬಿಟ್ಟೀನಿ ಅಂತೀರಿ, ಇದೇನ್ರಿ ಮತ್ತ?' ಎಂದು ಕೇಳಿದೆ. ಅವರು ತಂಬಾಕು ತಿಕ್ಕುತ್ತಲೇ ಹೇಳಿದರು: 'ಬೀಡಿ ಬಿಟ್ಟೀನಿ ಅಂತ ಹೇಳೀನಿ ಅಳಿಯಾ, ತಂಬಾಕ ಬಿಟ್ಟೀನಿ ಅಂತ ಯಾರ ಮುಂದ ಹೇಳೀನಪಾ?'

ಸುಮಾರು ಹತ್ತು ವರ್ಷ ಹೀಗೆ ನಡೆಯಿತು. 1998ರಲ್ಲಿ ಹಲ್ಲು ನೋವೆಂದು ರಾಯಚೂರಿಗೆ ಬಂದಾಗ ದಂತವೈದ್ಯರು ಕೆನ್ನೆಯ ಒಳಗೆ ಬಿಳಿಯ ಮಚ್ಚೆಯೊಂದನ್ನು ಕಂಡು, ಕನ್ನಡಿಯಲ್ಲಿ ಅವರಿಗೇ ತೋರಿಸಿದರು. ಅಂದು ಬಸ್ ನಿಲ್ದಾಣಕ್ಕೆ ನಡೆಯುತ್ತ ಮಾವ ಸುಣ್ಣದ ಡಬ್ಬಿಯನ್ನು ಚರಂಡಿಗೆ ಎಸೆದರು. ಜೋಳಿಗೆಯಿಲ್ಲ, ಪ್ರಮಾಣವಿಲ್ಲ. ಮಚ್ಚೆ ಮುಂದೆ ಬೆಳೆಯಲಿಲ್ಲ. 2011ರಲ್ಲಿ, ಎಂಬತ್ತರ ಹತ್ತಿರ, ಬೇರೆ ಕಾರಣಕ್ಕೆ ತೀರಿಕೊಂಡರು.

ಈಗ ಹೇಳಿ, ಅವರನ್ನು ಯಾವ ಪಟ್ಟಿಗೆ ಸೇರಿಸೋಣ? ಜೋಳಿಗೆಯ ಲೆಕ್ಕದಲ್ಲಿ ಅವರು 1984ರಲ್ಲಿಯೇ ಗೆದ್ದವರು. ಆರು ತಿಂಗಳ ಲೆಕ್ಕದಲ್ಲಿಯೂ ಗೆದ್ದವರು. ಹನ್ನೆರಡು ತಿಂಗಳ ಹೊತ್ತಿಗೆ ಅವರ ಮನೆಗೆ ಬೀಗ. ಅವರು 'ಪತ್ತೆಯಿಲ್ಲದ ವಿಳಾಸ'ದ ಮನುಷ್ಯ, ಗೆದ್ದವರೂ ಅಲ್ಲ, ಸೋತವರೂ ಅಲ್ಲ, ಲೆಕ್ಕದಲ್ಲಿಯೇ ಇಲ್ಲ. 1990ರಲ್ಲಿ ಕೊಳವೆಗೆ ಊದಿಸಿದ್ದರೆ ಪಾಸು, ಜೊಲ್ಲು ಪರೀಕ್ಷಿಸಿದ್ದರೆ ಫೇಲು. 1998ರ ನಂತರ ಎಲ್ಲ ಪರೀಕ್ಷೆಗಳಲ್ಲಿಯೂ ಪಾಸು, ಆದರೆ ಆಗ ಪರೀಕ್ಷಿಸುವವರೇ ಇರಲಿಲ್ಲ. ರಾಯಚೂರು ಜಿಲ್ಲೆಯಲ್ಲಿ ಗುಳೆ ಹೋಗುವವರನ್ನೆಲ್ಲ ಲೆಕ್ಕದಿಂದ ಹೊರಗಿಟ್ಟರೆ ಉಳಿಯುವುದು ಕಾಲುವೆ ನೀರು ಕಂಡ ಮಾನ್ವಿ ಕಡೆಯ ಗದ್ದೆಯವರೂ ಪೇಟೆಯವರೂ ಮಾತ್ರ. ಚಟಕ್ಕೆ ಬರವೇ ಮರಳಿ ದಾರಿ ತೋರಿಸುವ ಊರಿನಲ್ಲಿ, ಬರದಲ್ಲಿ ಊರು ಬಿಟ್ಟವನನ್ನು ಎಣಿಸದ ಅಳತೆ ಏನನ್ನು ಅಳೆದಂತಾಯಿತು? ಲಂಡನ್ನಿನವರ ತಪ್ಪಿದಲ್ಲ, ಅವರ ಊರಿಗೆ ಅದು ಸರಿಯಾಗಿಯೇ ಇತ್ತು.

ನಮ್ಮ ದೇಶದ ಸಂಶೋಧಕರು ಇದನ್ನು ಅರಿಯದವರಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡವೊಂದು ಕೇರಳದ ಎರ್ನಾಕುಲಂ, ಗುಜರಾತಿನ ಭಾವನಗರ, ಆಂಧ್ರದ ಶ್ರೀಕಾಕುಳಂ ಜಿಲ್ಲೆಗಳ 36,000 ತಂಬಾಕು ಬಳಕೆದಾರರ ಮನೆಮನೆಗೆ ಹೋಗಿ, ವರ್ಷವರ್ಷವೂ ಬಾಯಿ ತೆರೆಸಿ ನೋಡಿತು. ಐದು ವರ್ಷದ ಫಲಿತಾಂಶ 1986ರಲ್ಲಿ ಪ್ರಕಟವಾಯಿತು. ಅವರು ಎಷ್ಟು ಜನ ಬಿಟ್ಟರೆಂದು ಮಾತ್ರ ಎಣಿಸಲಿಲ್ಲ. ಬಾಯಿಯ ಬಿಳಿ ಮಚ್ಚೆ ಎಷ್ಟು ಜನರಿಗೆ ಹೊಸದಾಗಿ ಬಂತೆಂದೂ ಎಣಿಸಿದರು. ಬುದ್ಧಿ ಹೇಳಿದ ಗುಂಪಿನಲ್ಲಿ ಅದು ಕಡಮೆಯಾಗಿತ್ತು. ಪೂರ್ತಿ ಬಿಡದೆ ಬಹಳವಾಗಿ ಇಳಿಸಿದವನಿಗೂ ಈ ಲೆಕ್ಕದಲ್ಲಿ ಜಾಗವಿದೆ. ನನ್ನ ಮಾವನ ಕೆನ್ನೆಯ ಕಥೆ ಓದಿಕೊಂಡಂತಾಗಿತ್ತು, ಆ ಪ್ರಬಂಧದ ಸಾರಾಂಶ ಓದಿದಾಗ.

ಕರ್ನಾಟಕದ್ದೇ ಉದಾಹರಣೆ ಬೇಕಾದರೆ ಕೋಲಾರವಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯವರು ಕೋಲಾರ ಜಿಲ್ಲೆಯಲ್ಲಿ ಮೂರು ಪ್ರದೇಶಗಳನ್ನು ಆರಿಸಿಕೊಂಡು, ಒಂದರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಕಾರ್ಯಕರ್ತರಿಂದಲೇ ಭಿತ್ತಿಚಿತ್ರ, ಚಲನಚಿತ್ರ, ಮಾತುಕತೆಗಳ ಮೂಲಕ ತಿಳಿವಳಿಕೆ ಕೊಡಿಸಿದರು. ಉಳಿದೆರಡನ್ನು ಹೋಲಿಕೆಗೆ ಇಟ್ಟುಕೊಂಡರು. 1995ರಲ್ಲಿ ಪ್ರಕಟವಾದ ವರದಿಯಂತೆ, ತಿಳಿವಳಿಕೆ ಪಡೆದ ಹಳ್ಳಿಗಳಲ್ಲಿ ತಂಬಾಕು ಬಿಟ್ಟ ಗಂಡಸರು ಶೇಕಡ 26.5, ಹೆಂಗಸರು ಶೇಕಡ 36.7. ಹೋಲಿಕೆಯ ಹಳ್ಳಿಗಳಲ್ಲಿ ಬಿಟ್ಟವರು ತೀರ ವಿರಳ. ರಸೆಲ್ಲರ ಶೇಕಡ ಐದರ ಪಕ್ಕದಲ್ಲಿ ಇದು ಪವಾಡದಂತೆ ಕಾಣುತ್ತದೆ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಲ್ಲಿ ಒಂದೆರಡು ನಿಮಿಷದ ಮಾತು, ಇಲ್ಲಿ ವರ್ಷಗಟ್ಟಲೆ ಊರಿಗೆ ಊರೇ ಆಲಿಸಿದ ಮಾತು. ಇಲ್ಲಿನದು ಮನೆಮನೆಯ ಸಮೀಕ್ಷೆಗೆ ಜನ ಕೊಟ್ಟ ಉತ್ತರದ ಮೇಲೆ ನಿಂತದ್ದೂ ಹೌದು. ಆದರೂ ಬಾಯಿಮಾತಿನಲ್ಲಿ ಸ್ವಲ್ಪ ಕಳೆದರೂ ಹೋಲಿಕೆಯ ಹಳ್ಳಿಗಳವರೂ ಬಾಯಿಮಾತನ್ನೇ ಹೇಳಿದವರಲ್ಲವೇ? ಆ ಅಂತರ ಉಳಿಯುತ್ತದೆ. ಹೋಲಿಕೆಯ ಗುಂಪು ಎಂಬ ಉಪಾಯದ ಬೆಲೆಯೇ ಅದು. ನಮ್ಮ ಜೋಳಿಗೆಗೆ ಇಲ್ಲದೇ ಹೋದದ್ದೂ ಅದೇ.

ಶಾಲೆಗಳ ಮಾತು ಸ್ವಲ್ಪ ಹೇಳಿಬಿಡುತ್ತೇನೆ. 2003ರ ಕಾಯಿದೆಯ ಪ್ರಕಾರ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ. ನಾವು ಗೇಟಿಗೆ ಫಲಕ ಬರೆಸಿದೆವು, ಡಬ್ಬಿ ಅಂಗಡಿಯವನು ಹೆಜ್ಜೆ ಎಣಿಸಿ ನೂರಾ ಐದನೆಯ ಗಜಕ್ಕೆ ಹೋದ. ತಂಬಾಕುರಹಿತ ದಿನದ ಅಂಗವಾಗಿ ಮಕ್ಕಳಿಂದ ಪ್ರತಿಜ್ಞೆ ಮಾಡಿಸಿ, 'ಪ್ರತಿಜ್ಞೆ ಸ್ವೀಕರಿಸಿದವರ ಸಂಖ್ಯೆ' ಎಂಬ ಕಾಲಂ ತುಂಬಿ ಕಳಿಸುವುದು ವಾಡಿಕೆಯಾಯಿತು. ಸಂಖ್ಯೆ ಯಾವಾಗಲೂ ಹಾಜರಾತಿಯಷ್ಟೇ. ಮರುವರ್ಷ ಅವರಲ್ಲಿ ಎಷ್ಟು ಹುಡುಗರ ಜೇಬಿನಲ್ಲಿ ಗುಟ್ಕಾ ಚೀಟಿ ಸಿಕ್ಕಿತೆಂಬ ಕಾಲಂ ಆ ನಮೂನೆಯಲ್ಲಿ ಇರಲಿಲ್ಲ.

ಗುಟ್ಕಾ ಎಂದಾಗ ನೆನಪಾಯಿತು. 2013ರ ಮೇ ತಿಂಗಳ ಕೊನೆಯಲ್ಲಿ ರಾಜ್ಯ ಸರಕಾರ ಅದನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಪಾನ್ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಮಾರಾಟಕ್ಕೆ ಬಂದವು. ಕೊಂಡವನು ಎರಡನ್ನೂ ಬಾಯಲ್ಲೇ ಬೆರೆಸಿಕೊಂಡ. 'ಗುಟ್ಕಾ ತಿನ್ನುವವರೆಷ್ಟು?' ಎಂದು ಕೇಳಿದ್ದರೆ ಉತ್ತರ ಸೊನ್ನೆ ಬರುತ್ತಿತ್ತೇನೋ. ಆದರೂ ಒಟ್ಟು ಚಿತ್ರ ನಿರಾಶೆಯದಲ್ಲ. ವಯಸ್ಕರ ರಾಷ್ಟ್ರೀಯ ಸಮೀಕ್ಷೆಯಲ್ಲಿ 2009-10ರಲ್ಲಿ ಕರ್ನಾಟಕದ ಶೇಕಡ 28.2 ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2016-17ರ ಸಮೀಕ್ಷೆಯಲ್ಲಿ ಅದು 22.8ಕ್ಕೆ ಇಳಿದಿತ್ತು. ಅದೇ ಅವಧಿಯಲ್ಲಿ ದೇಶದ ಲೆಕ್ಕ 34.6ರಿಂದ 28.6ಕ್ಕೆ. ವಿಚಿತ್ರವೆಂದರೆ, ಹಿಂದಿನ ಒಂದು ವರ್ಷದಲ್ಲಿ ಬಿಡಲು ಪ್ರಯತ್ನಿಸಿದ ಧೂಮಪಾನಿಗಳ ಪ್ರಮಾಣ ದೇಶದಲ್ಲಿ ಎರಡೂ ಸಲ ಶೇಕಡ 38ರ ಆಸುಪಾಸಿನಲ್ಲಿಯೇ ನಿಂತಿತ್ತು. ಅಂದರೆ ಇಳಿಕೆಯಲ್ಲಿ ಬಿಟ್ಟವರ ಪಾಲೆಷ್ಟು, ಮೊದಲಿಗೇ ಹತ್ತಿಸಿಕೊಳ್ಳದ ಹೊಸ ಹುಡುಗರ ಪಾಲೆಷ್ಟು, ಸತ್ತುಹೋದವರ ಪಾಲೆಷ್ಟು ಎಂಬುದನ್ನು ಆ ಒಂದು ಅಂಕಿ ಹೇಳುವುದಿಲ್ಲ.

ಡಾಲ್ ಮಾತ್ರ ಬೇರೊಂದು ಅಳತೆ ಹಿಡಿದು ಕೂತಿದ್ದರು. 1951ರಲ್ಲಿ ಬ್ರಿಟನ್ನಿನ ವೈದ್ಯರಿಗೇ ಪತ್ರ ಬರೆದು ಅವರ ಸೇದುವ ಅಭ್ಯಾಸ ಕೇಳಿ, ಐವತ್ತು ವರ್ಷ ಅವರ ಸಾವುಗಳನ್ನು ಎಣಿಸಿದರು. 2004ರಲ್ಲಿ ಬಂದ ಫಲಿತಾಂಶ: ಮೂವತ್ತಕ್ಕೆ ಬಿಟ್ಟವನಿಗೆ ಹತ್ತು ವರ್ಷ ಆಯುಷ್ಯದ ಲಾಭ, ನಲವತ್ತಕ್ಕೆ ಬಿಟ್ಟರೆ ಒಂಬತ್ತು, ಐವತ್ತಕ್ಕೆ ಆರು, ಅರವತ್ತಕ್ಕೆ ಮೂರು. ಇಲ್ಲಿ ಎಷ್ಟನೆಯ ಪ್ರಯತ್ನಕ್ಕೆ ಬಿಟ್ಟನೆಂದು ಯಾರೂ ಕೇಳುವುದಿಲ್ಲ.

ಓದುಗರಲ್ಲಿ ಯಾರಿಗಾದರೂ, ಅಥವಾ ಅವರ ಮನೆಯಲ್ಲಿ ಯಾರಿಗಾದರೂ ಬೇಕಾದೀತೆಂದು ಬರೆಯುತ್ತಿದ್ದೇನೆ: ಕೇಂದ್ರ ಸರಕಾರ 2016ರಲ್ಲಿ ಆರಂಭಿಸಿದ ತಂಬಾಕು ತ್ಯಜಿಸುವವರ ಉಚಿತ ದೂರವಾಣಿ ಸಂಖ್ಯೆ 1800-11-2356. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಕೇಂದ್ರಗಳಲ್ಲೊಂದಾದ ಮೇಲೆ ಕನ್ನಡದಲ್ಲಿಯೂ ಮಾತನಾಡಬಹುದಾಗಿದೆ. ಬೀಡಿಯವರೂ ಮಾಡಬಹುದು, ಜಗಿಯುವವರೂ ಮಾಡಬಹುದು. ಬಿಡುವ ದಿನವನ್ನು ಗೊತ್ತುಮಾಡಿಕೊಂಡವರಿಗೆ ಆಮೇಲೆ ಅವರೇ ಮರಳಿ ಫೋನು ಮಾಡಿ ವಿಚಾರಿಸುತ್ತಾರೆ. ಗುಳೆ ಹೋದರೂ ಜೇಬಿನಲ್ಲಿ ಮೊಬೈಲು ಇದ್ದೇ ಇರುತ್ತದೆ.